ಏಳದ ಎತ್ತು, ಸಾಬರಮತಿಯ ಕರು

ಹೋದ ಮಳೆಗಾಲದಲ್ಲಿ ನಮ್ಮ ಎತ್ತು ಅಡಿಕೆ ತೋಟದ ಬಸಿಗಾಲುವೆಗೆ ಜಾರಿ ಬಿದ್ದು ಹಿಂಗಾಲಿನ ತೊಡೆ ಮೂಳೆ ಮುರ್ಕೊಂಡಿತ್ತು. ಹಗ್ಗ ಹಾಕಿ ಮೇಲೆತ್ತಿ ಹುಲ್ಲು ಹಾಸಿ ಮಲಗಿಸಿದ್ವಿ. ಡಾಕ್ಟ್ರು ನೋಡಿ, "ಯಜಮಾನ್ರೇ, ಇದು ಏಳಲ್ಲ, ಇಂಜೆಕ್ಷನ್ ಕೊಟ್ಟು ಮುಗಿಸೋದೇ ಒಳ್ಳೇದು" ಅಂದ್ರು. ನಮ್ಮವ್ವ ಒಪ್ಪಲಿಲ್ಲ. "ಉತ್ತು ಅನ್ನ ಹಾಕಿದ ಬಸವಣ್ಣ ಕಣೋ, ಹೆಂಗೆ ಕೊಲ್ತೀಯ?" ಆ ರಾತ್ರಿಗಳಲ್ಲಿ ಮಗ್ಗುಲು ಬದಲಿಸ್ತಾ ಕೂತಾಗ ಓದಿದ ಹಳೇ ಸಂಗತಿ ಇದು.

1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳೋಕೆ ನಂದಿಬೆಟ್ಟ, ಬೆಂಗಳೂರಲ್ಲಿದ್ರು. ಆಗ ಬೆಂಗಳೂರಿನ ಇಂಪೀರಿಯಲ್ ಡೈರಿಗೆ ಹೋಗಿ ದನ ಸಾಕೋದು ಕಲಿತರು. ಅಲ್ಲಿನ ಪುಸ್ತಕದಲ್ಲಿ ಸಾಬರಮತಿಯ ರೈತ ಅಂತ ಬರೆದು ಸಹಿ ಹಾಕಿದ್ರಂತೆ. ಮರುವರ್ಷವೇ ಅವರ ಆಶ್ರಮದಲ್ಲಿ ಕರುವೊಂದು ಊನವಾಗಿ ನೆಲ ಹಿಡೀತು. ಆರೈಕೆ ಮಾಡಿದ್ರು, ವೈದ್ಯರು ಕೈಚೆಲ್ಲಿದ್ರು. ಮಗ್ಗುಲು ಹೊರಳೋಕೂ ನೋವು. ಪ್ರಾಣ ಕೊಡಲಾರದವರಿಗೆ ತೆಗೆಯೋ ಹಕ್ಕಿಲ್ಲ ಅಂತ ಒಬ್ಬರು ವಾದಿಸಿದ್ರು. ಸ್ವಾರ್ಥಕ್ಕೆ ಕೊಲ್ಲೋರಿಗೆ ಆ ಮಾತು ಸರಿ, ಇಲ್ಲಿ ಸ್ವಾರ್ಥ ಎಲ್ಲಿದೆ ಅನ್ನೋದು ಗಾಂಧೀಜಿ ಉತ್ತರ. ತಾವೇ ಎದುರು ನಿಂತು ಇಂಜೆಕ್ಷನ್ ಕೊಡಿಸಿದ್ರು. ಎರಡು ನಿಮಿಷದೊಳಗೆ ಮುಗೀತು. 1928ರ ಅಕ್ಟೋಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅದನ್ನ ಮುಚ್ಚಿಡದೆ ಬರೆದ್ರು. ಸಿಟ್ಟಿನ ಪತ್ರಗಳ ರಾಶಿಯೇ ಬಂತು.

ನನಗೆ ಹಿಡಿಸಿದ್ದು ಆ ಕ್ರಮ: ಮೊದಲು ಆರೈಕೆ, ಆಮೇಲೆ ವೈದ್ಯರ ಮಾತು, ಕೊನೆಗೆ ತಾನೇ ಎದುರು ನಿಲ್ಲೋದು. ನಮ್ಮಲ್ಲಿ? ಕೊಂದ ಪಾಪ ಬೇಡ ಅಂತ ಕಾಲು ಮುರಿದದ್ದನ್ನ ದಲ್ಲಾಳಿಗೆ ಕೊಟ್ಟು ಕೈ ತೊಳ್ಕೊಳ್ಳೋರೂ ಇದೀವಿ. ಹೊನ್ನಾಳಿ, ನ್ಯಾಮತಿ ಕಡೆ ಹೋರಿ ಹಬ್ಬ ಮಾಡೋರು, ಜಗಳೂರು ಕಡೆ ಕುರಿ ಹಿಂಡು ರಸ್ತೆಗೆ ತರೋರು ಇದನ್ನ ಮೊದಲೇ ಯೋಚಿಸಿಡಬೇಕು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 13ನೇ ಕಲಂ ಕೂಡ ಇದನ್ನೇ ಕೇಳ್ತದೆ: ಬದುಕಿಸಿ ಇಡೋದೇ ಕ್ರೌರ್ಯವಾ? ಮಾಲೀಕ ಇಲ್ಲದಿದ್ರೆ, ಒಪ್ಪದಿದ್ರೆ, ಕಾನ್ಸ್‌ಟೇಬಲ್‌ಗಿಂತ ಮೇಲಿನ ಪೊಲೀಸರು ಪಶುವೈದ್ಯರನ್ನ ಕರೆಸಿ, ಅವರ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ಆದೇಶ ಪಡೆದು ಮುಗಿಸಬಹುದು.

ಹಂಗಂತ ಕಾಲು ಮುರೀತು ಅಂದ್ರೆ ಕಥೆ ಮುಗೀತು ಅನ್ಕೋಬೇಡಿ. ಕರುವಿನ ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಹರಿದಿರದಿದ್ರೆ, ಪಟ್ಟು ಹಾಕಿದರೆ ಎಷ್ಟೋ ಸಲ ಕೂಡ್ತದೆ. ಭಾರದ ಎತ್ತಿನ ತೊಡೆ ಮೂಳೆ ಬೇರೆ ಮಾತು. ಮಲಗಿದಲ್ಲೇ ತನ್ನ ಭಾರಕ್ಕೇ ಮಾಂಸಖಂಡ ಸಾಯ್ತದೆ, ಮೈ ಹುಣ್ಣಾಗ್ತದೆ.

ನಮ್ಮದಕ್ಕೂ ಹಂಗೇ ಆಯ್ತು. ಹನ್ನೊಂದನೇ ದಿನ ಹುಣ್ಣಲ್ಲಿ ಹುಳ ಕಂಡಾಗ ಅವ್ವನೇ "ಡಾಕ್ಟ್ರನ್ನ ಕರೀಯೋ" ಅಂದ್ಳು. ತಲೆ ನನ್ನ ತೊಡೆ ಮೇಲಿತ್ತು. ಆ ಹನ್ನೊಂದು ದಿನ ಎತ್ತಿಗಾಗಿ ಕಾದಿದ್ದಲ್ಲ, ನಮಗಾಗಿ. ಔಷಧಿ ಹೋದ ಹೆಣ ತಿಂದು ನಾಯಿ, ಹದ್ದು ಸಾಯಬಹುದು ಅಂತ ಆಳವಾಗಿ ಹೂತ್ವಿ.

ನಿಮ್ಮನೇಲಿ ಇಂಥದ್ದಾದಾಗ ಏನು ಮಾಡಿದ್ರಿ, ಬರೀರಿ. ಪಶು ಆಂಬುಲೆನ್ಸ್ ನಂಬರ್ 1962, ಕೊಟ್ಟಿಗೆ ಗೋಡೆ ಮೇಲೆ ಬರೆದಿಟ್ಕೊಳ್ಳಿ.