ಬಸುರಿಗೆ ಬಂದ ಜ್ವರ, ಕೂಸಿನ ಮೆದುಳು

ಗ್ರಹಣದ ದಿನ ಬಸುರಿಯರನ್ನು ಹೊರಗೆ ಬಿಡದ ಮನೆಗಳು ನಮ್ಮಲ್ಲಿ ಈಗಲೂ ಇವೆ. ಹುಟ್ಟಿದ ಮಗುವಿನಲ್ಲಿ ಊನ ಕಂಡರೆ ಮೊದಲ ಪ್ರಶ್ನೆ ತಾಯಿಗೇ: "ಆವತ್ತು ಹೊರಗೆ ಬಂದಿದ್ದೆಯಾ? ಏನು ತಿಂದಿದ್ದೆ?" ಇದಕ್ಕೆ ವಿಜ್ಞಾನ ಉತ್ತರ ಹುಡುಕಿದ ಕತೆ ಓದುತ್ತಾ ಹೋದಂತೆ ನನಗೆ ತುಂಬಾ ಹಿಡಿಸಿದ್ದು, ಆ ಹುಡುಕಾಟ ತಾಯಂದಿರ ಮಾತಿಗೆ ಕಿವಿಗೊಟ್ಟಲ್ಲಿಂದ ಶುರುವಾಯಿತು ಅನ್ನೋದು.

1941ರ ಸಿಡ್ನಿ. ಹುಟ್ಟುವಾಗಲೇ ಕಣ್ಣಿಗೆ ಪೊರೆ ಬಂದಿದ್ದ ಕೂಸುಗಳು ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಬಳಿ ಒಂದರ ಹಿಂದೊಂದು ಬರತೊಡಗಿದವು. ಇಂಥದ್ದೆಲ್ಲ ವಂಶದಿಂದ ಬರುತ್ತದೆ ಅನ್ನೋದು ಆಗಿನ ನಂಬಿಕೆ. ಹೊರಗೆ ಕಾಯುತ್ತಿದ್ದ ತಾಯಂದಿರು ತಮಗೆ ಬಸುರಿನಲ್ಲಿ ರುಬೆಲ್ಲಾ ಬಂದಿತ್ತೆಂದು ಮಾತಾಡಿಕೊಂಡದ್ದು ಅವರ ಕಿವಿಗೆ ಬಿತ್ತಂತೆ. ವಿಚಾರಿಸಿ, 78 ಮಕ್ಕಳ ವಿವರ ಪ್ರಕಟಿಸಿದರು. ಬಹುಪಾಲು ತಾಯಂದಿರಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತು. ದೊಡ್ಡವರಿಗೆ ಮೂರು ದಿನದ ದದ್ದು, ಸಣ್ಣ ಜ್ವರ. ಹೊಟ್ಟೆಯಲ್ಲಿದ್ದ ಕೂಸಿಗೆ ಕಣ್ಣು, ಕಿವಿ, ಹೃದಯ, ಮೆದುಳಿಗೆಲ್ಲ ಪೆಟ್ಟು! ಆ ವೈರಸ್ಸನ್ನು ಬೇರ್ಪಡಿಸಿ ಬೆಳೆಸಿದ್ದು 1962ರಲ್ಲಿ. ಆದರೆ ಕೂಸಿನ ಜೀವಕೋಶದೊಳಗೆ ಯಾವ ಜೀನ್ ಏನು ಮಾಡುತ್ತಿದೆ ಎಂದು ನೋಡುವ ವಿಧಾನ ಆಗಿನ್ನೂ ಇರಲಿಲ್ಲ.

ಆ ವಿಧಾನ ಕೈಗೆ ಸಿಕ್ಕ ಮೇಲೆ ಎದುರಾದದ್ದು ಝಿಕಾ. ಉಗಾಂಡಾದ ಝಿಕಾ ಕಾಡಿನಲ್ಲಿ 1947ರಲ್ಲಿ ಒಂದು ಕೋತಿಯಲ್ಲಿ ಸಿಕ್ಕ ಈ ವೈರಸ್ಸನ್ನು ದಶಕಗಳ ಕಾಲ ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ. 2015ರಲ್ಲಿ ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ತೀರಾ ಚಿಕ್ಕ ತಲೆಯ ಕೂಸುಗಳು ಹುಟ್ಟತೊಡಗಿದವು. ರೆಸಿಫೆಯ ಮಕ್ಕಳ ನರತಜ್ಞೆ ವನೆಸ್ಸಾ ವಾನ್ ಡೆರ್ ಲಿಂಡೆನ್ ಇದನ್ನು ಮೊದಲು ಗಮನಿಸಿದವರಲ್ಲಿ ಒಬ್ಬರು. ಕಂಪಿನಾ ಗ್ರಾಂಡೆಯ ಆಡ್ರಿಯಾನಾ ಮೆಲೊ ಬಸುರಿಯರ ಗರ್ಭದ ನೀರನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಝಿಕಾ ಇತ್ತು.

ಹಾಗಾದರೆ ಒಳಗೆ ನಡೆಯೋದೇನು? ನಮ್ಮ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಒಂದೇ ಜೀನ್‌ಗಳಿರುತ್ತವೆ. ಯಾವುದು ಯಾವಾಗ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೋದರ ಮೇಲೆ ಮೆದುಳಿನ ಬೆಳವಣಿಗೆ ನಿಂತಿದೆ. 2016ರ ಮಾರ್ಚಿನಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ನರಕೋಶಗಳ ಮೂಲಕೋಶಗಳಿಗೆ ಝಿಕಾ ಸೋಂಕು ತಗುಲಿಸಿ ನೋಡಿದರು. ಮೂರೇ ದಿನದಲ್ಲಿ ಬಹುಪಾಲು ಕೋಶಗಳು ವೈರಸ್ಸಿನ ಪಾಲಾದವು. ಒಂದು ಕೋಶ ಎರಡಾಗಲು ಬೇಕಾದ ಜೀನ್‌ಗಳ ಚಟುವಟಿಕೆ ಇಳಿದುಹೋಗಿತ್ತು. ಕೋಶಗಳು ಸಾಯುತ್ತಲೂ ಇದ್ದವು. ಮೂಲಕೋಶವೇ ಹೆಚ್ಚದಿದ್ದರೆ ಮೆದುಳು ಬೆಳೆಯೋದಾದರೂ ಹೇಗೆ?

2017ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಈ ಮೂಲಕೋಶಗಳಲ್ಲಿ ಮುಸಾಶಿ-1 ಎಂಬ ಪ್ರೋಟೀನ್ ಹೇರಳವಾಗಿರುತ್ತದೆ (ಜಪಾನಿನ ಎರಡು ಕತ್ತಿಗಳ ವೀರನ ಹೆಸರು!). ಜೀನ್‌ಗಳಿಂದ ಹೊರಡುವ ಆರ್‌ಎನ್‌ಎ ಸಂದೇಶಗಳನ್ನು ಹತೋಟಿಯಲ್ಲಿಡೋದು ಅದರ ಕೆಲಸ. ಝಿಕಾದ ಆರ್‌ಎನ್‌ಎ ಇದಕ್ಕೇ ಅಂಟಿಕೊಂಡು ತನ್ನ ಸಂತಾನ ಹೆಚ್ಚಿಸಿಕೊಳ್ಳುತ್ತದೆ. ಕೋಶದ ಸ್ವಂತ ಕೆಲಸ ಅಷ್ಟರಮಟ್ಟಿಗೆ ಕೆಡುತ್ತದೆ. ಮನೆಯ ಆಳನ್ನೇ ಕಳ್ಳ ತನ್ನ ಚಾಕರಿಗೆ ಹಚ್ಚಿಕೊಂಡ ಹಾಗೆ.

ರುಬೆಲ್ಲಾಕ್ಕೆ ಲಸಿಕೆ ಇದೆ. 2017ರ ಫೆಬ್ರವರಿಯಲ್ಲಿ ಶುರುವಾದ ದಡಾರ-ರುಬೆಲ್ಲಾ ಅಭಿಯಾನದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಝಿಕಾ ಪತ್ತೆಯಾಯಿತು. ಅದಕ್ಕೆ ಸೊಳ್ಳೆಯಿಂದ ಕಾಪಾಡಿಕೊಳ್ಳೋದೇ ಮುಖ್ಯ ದಾರಿ. ಝಿಕಾ ತಗುಲಿದ ಎಷ್ಟೋ ಜನರಿಗೆ ಜ್ವರವೂ ಕಾಣಿಸುವುದಿಲ್ಲ. ಅಂದರೆ ತನ್ನೊಳಗೆ ಏನು ನಡೆಯಿತೆಂದು ಆ ತಾಯಿಗೇ ಗೊತ್ತಿರುವುದಿಲ್ಲ. ಅಂಥವಳನ್ನು ನಿಲ್ಲಿಸಿ "ಏನು ತಪ್ಪು ಮಾಡಿದೆ?" ಅಂತ ಕೇಳೋದನ್ನು ನಾವು ಬಿಡಬೇಕು ಅಲ್ವಾ?