ಕಾಲಂ ತುಂಬಿತು, ಲೆಕ್ಕ ತಪ್ಪಿತು

ಉತಾರದ ಕಾಲಂ ಅಂದರೆ ಏನು ಅಂತ ಮಸೂತಿಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. 9ರಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲದ ಬೋಜಾ. ಅಲ್ಲಿ ತಪ್ಪಾದರೆ ಓದಿದ ಕೂಡಲೇ ಗೊತ್ತಾಗುತ್ತದೆ. ಆದರೆ ಬೆಳೆ, ಮಳೆ, ದರದ ಅಂಕಿಗಳನ್ನು ಕೂಡಿ ಕಳೆಯುವ ಕಂಪ್ಯೂಟರ್ ಪಟ್ಟಿಗಳಲ್ಲಿ ತಪ್ಪು ಸದ್ದಿಲ್ಲದೆ ಕೂರುತ್ತದೆ. ಅದಕ್ಕೊಂದು ಇತಿಹಾಸವಿದೆ.

1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಜೊತೆಗಾರರು ಅಂಕಿಸಂಖ್ಯೆಯ ಕೆಲಸಕ್ಕೆ ‘ಎಸ್’ ಎಂಬ ಭಾಷೆ ಶುರು ಮಾಡಿದರು. ಅದೇ ಜಾಡಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ‘ಆರ್’ ಕಟ್ಟಿ, 1995ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಇಂದು ಜಗತ್ತಿನಾದ್ಯಂತ ಸಂಶೋಧಕರು ಇದನ್ನು ಬಳಸುತ್ತಾರೆ.

ಆಗ ಸಮೀಕ್ಷೆಗಳಲ್ಲಿ ಅಕ್ಷರದ ಕಾಲಂ ಎಂದರೆ ಹೆಚ್ಚಾಗಿ ಗುಂಪು: ಗಂಡು-ಹೆಣ್ಣು, ನೀರಾವರಿ-ಖುಷ್ಕಿ. ಹಾಗಾಗಿ ಆರ್ ಅಕ್ಷರ ಕಂಡರೆ ತಾನೇ ಗುಂಪು ಮಾಡಿ, ಒಳಗೆ ಒಂದೊಂದಕ್ಕೆ ಒಂದು ನಂಬರ್ ಇಡುತ್ತಿತ್ತು. ಇದಕ್ಕೆ ‘ಫ್ಯಾಕ್ಟರ್’ ಎಂದು ಹೆಸರು.

ಎಡವಟ್ಟು ಹೇಗಾಗುತ್ತದೆ ನೋಡಿ. ನಾಲ್ಕು ಮಂದಿ ರೈತರ ತೊಗರಿ ಚೀಲ ಬರೆದಿದ್ದೇವೆ ಅಂದುಕೊಳ್ಳಿ: 8, 12, ‘ಇಲ್ಲ’, 12. ಒಂದು ‘ಇಲ್ಲ’ ಬಂದದ್ದಕ್ಕೆ ಇಡೀ ಕಾಲಂ ಅಕ್ಷರವಾಯಿತು. ಅಕ್ಷರದ ಲೆಕ್ಕದಲ್ಲಿ 1ರಿಂದ ಶುರುವಾಗುವ ‘12’ ಮೊದಲು, ‘8’ ಆಮೇಲೆ, ‘ಇಲ್ಲ’ ಕೊನೆಗೆ. ಆ ಕಾಲಂ ಅನ್ನು ನೇರವಾಗಿ ಸಂಖ್ಯೆಗೆ ತಿರುಗಿಸಿದರೆ ಬರುವುದು 2, 1, 3, 1. ಹನ್ನೆರಡು ಚೀಲ ಬೆಳೆದವನಿಗೆ ಒಂದು, ಏನೂ ಬೆಳೆಯದವನಿಗೆ ಮೂರು! ಬರ ಪರಿಹಾರದ ಲೆಕ್ಕ ಇದರ ಮೇಲೆ ನಿಂತರೆ ಗತಿ ಏನು?

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಳಸುವವರು ಗೊಣಗಿದ ಮೇಲೆ, 2020ರ ಏಪ್ರಿಲ್‌ನಲ್ಲಿ ಬಂದ ಆರ್ 4.0.0 ಈ ರೂಢಿ ಕೈಬಿಟ್ಟಿತು. ಈಗ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಗುಂಪು ಬೇಕಾದರೆ ನಾವೇ ಹೇಳಬೇಕು.

ಇನ್ನೊಂದು ಹಳೆಯ ರೂಢಿ ಮಾತ್ರ ಇಂದಿಗೂ ಇದೆ. ನಾಲ್ಕು ಸಾಲಿನ ಪಟ್ಟಿಗೆ 8, 12 ಎಂದು ಎರಡೇ ಬೆಲೆ ಕೊಟ್ಟರೆ, ಆರ್ ಅವನ್ನೇ ಮತ್ತೆ ಹಾಕಿ 8, 12, 8, 12 ಎಂದು ತುಂಬುತ್ತದೆ. ಮೂರು ಕೊಟ್ಟರೆ ತಪ್ಪು ಎಂದು ನಿಲ್ಲುತ್ತದೆ. ಎರಡು ಕೊಟ್ಟರೆ ಮಾತೇ ಇಲ್ಲ.

ನಮ್ಮೂರಿನ ಹುಡುಗ-ಹುಡುಗಿಯರು ಕಾಲೇಜಿನಲ್ಲಿ ಇದನ್ನೆಲ್ಲ ಕಲಿಯುತ್ತಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟೆ: ಕಾಲಂ ತುಂಬಿದ ಮೇಲೆ ನಾಲ್ಕು ಸಾಲನ್ನಾದರೂ ಮೂಲ ಕಾಗದದ ಪಕ್ಕ ಇಟ್ಟು ನೋಡಿ. ಯಂತ್ರ ಸುಮ್ಮನಿದೆ ಅಂದರೆ ಲೆಕ್ಕ ಸರಿ ಇದೆ ಅಂತಲ್ಲ.