ಮರಳಿನ ಮೂಲಧಾತುವಿನಿಂದ ಕ್ವಾಂಟಂ ಗಣಕಯಂತ್ರ

ಕೃಷ್ಣರಾಜನಗರದ ಕಾವೇರಿ, ಹುಣಸೂರಿನ ಲಕ್ಷ್ಮಣತೀರ್ಥ, ಎಚ್.ಡಿ.ಕೋಟೆಯ ಕಪಿಲೆ, ಈ ನದಿಗಳ ಮರಳಿನಲ್ಲಿ ಹೇರಳವಾಗಿರುವ ವಸ್ತು ಸಿಲಿಕಾ. ಅದು ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತ. ಹೊಳೆಯ ಮರಳು ಚಿಪ್ ತಯಾರಿಕೆಗೆ ನೇರವಾಗಿ ಒದಗದು. ಶುದ್ಧವಾದ ಬೆಣಚುಕಲ್ಲಿನಿಂದ ಪಡೆದ ಸಿಲಿಕಾನ್ ಬೇಕು. ಇದೇ ಧಾತುವಿನಿಂದ ಕ್ವಾಂಟಂ ಗಣಕಯಂತ್ರವನ್ನು ನಿರ್ಮಿಸುವ ಪ್ರಯತ್ನ ಎರಡೂವರೆ ದಶಕಗಳಿಂದ ನಡೆದಿದೆ.

ತತ್ತ್ವ: ಸಾಮಾನ್ಯ ಗಣಕದ ಬಿಟ್ ಸೊನ್ನೆ ಇಲ್ಲವೇ ಒಂದು ಆಗಿರುತ್ತದೆ. ಕ್ಯೂಬಿಟ್ ಈ ಎರಡರ ಮಿಶ್ರಸ್ಥಿತಿಯಲ್ಲಿರಬಲ್ಲದು. ಸಿಲಿಕಾನ್‌ನೊಳಗೆ ಹುದುಗಿಸಿದ ರಂಜಕದ ಪರಮಾಣುಬೀಜದ ಸ್ಪಿನ್ ಎಂಬ ಕಾಂತಗುಣವನ್ನೇ ಕ್ಯೂಬಿಟ್ ಆಗಿಸಬಹುದೆಂದು 1998ರಲ್ಲಿ ಬ್ರೂಸ್ ಕೇನ್ ಸೂಚಿಸಿದರು. ಎಲೆಕ್ಟ್ರಾನನ್ನು ಅತಿಸೂಕ್ಷ್ಮ ಬಿಂದುವಿನಲ್ಲಿ ಬಂಧಿಸುವ ಮಾರ್ಗವನ್ನು ಅದೇ ವರ್ಷ ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಝೊ ಮುಂದಿಟ್ಟರು.

ತೊಡಕು: ನಿಸರ್ಗದ ಸಿಲಿಕಾನ್‌ನಲ್ಲಿ ಶೇ. 4.7ರಷ್ಟಿರುವ ಸಿಲಿಕಾನ್-29 ತನ್ನ ಕಾಂತಗುಣದಿಂದ ಕ್ಯೂಬಿಟ್‌ನ ಸ್ಥಿತಿಯನ್ನು ಕದಡುತ್ತದೆ. ಆದ್ದರಿಂದ ಅದನ್ನು ಬೇರ್ಪಡಿಸಿ ಸಿಲಿಕಾನ್-28ನ್ನು ಬಳಸುತ್ತಾರೆ. ಯಂತ್ರವನ್ನು ಮೈನಸ್ 273 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ತಂಪಾಗಿಸಬೇಕು. 2022ರಲ್ಲಿ ಆಸ್ಟ್ರೇಲಿಯಾ, ನೆದರ್‌ಲೆಂಡ್ಸ್ ಮತ್ತು ಜಪಾನಿನ ತಂಡಗಳು ಎರಡು ಕ್ಯೂಬಿಟ್‌ಗಳ ಕ್ರಿಯೆಯಲ್ಲಿ ಶೇ. 99ಕ್ಕೂ ಮಿಗಿಲಾದ ನಿಖರತೆ ಸಾಧಿಸಿದವು. 2023ರಲ್ಲಿ ಇಂಟೆಲ್ 12 ಕ್ಯೂಬಿಟ್‌ಗಳ ಸಿಲಿಕಾನ್ ಚಿಪ್ಪನ್ನು ಹೊರತಂದಿತು. ಇರುವ ಚಿಪ್ ಕಾರ್ಖಾನೆಗಳ ವಿಧಾನವನ್ನೇ ಬಳಸಬಹುದೆಂಬುದು ಈ ಮಾರ್ಗದ ದೊಡ್ಡ ಅನುಕೂಲ.

ಕರ್ನಾಟಕದಲ್ಲಿ: ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್ 19ರಂದು 6,003.65 ಕೋಟಿ ರೂ. ವೆಚ್ಚದ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು. ಎಂಟು ವರ್ಷಗಳಲ್ಲಿ 50ರಿಂದ 1,000 ಭೌತಿಕ ಕ್ಯೂಬಿಟ್‌ಗಳ ಯಂತ್ರ ಅದರ ಗುರಿ. ಕ್ವಾಂಟಂ ಗಣನೆಯ ಕೇಂದ್ರದ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಬೆಂಗಳೂರಿನ ಕ್ಯೂಪಿಎಐ ಸಂಸ್ಥೆ 2025ರಲ್ಲಿ 25 ಕ್ಯೂಬಿಟ್‌ಗಳ ಯಂತ್ರವನ್ನು ಪ್ರಕಟಿಸಿತು. ಆದರೆ ಅದು ಅತಿವಾಹಕ ಮಂಡಲಗಳನ್ನು ಆಧರಿಸಿದ್ದು, ಸಿಲಿಕಾನ್ ಸ್ಪಿನ್ ಮಾರ್ಗದ್ದಲ್ಲ.

ನಮಗೇನು ಸಂಬಂಧ? ದೋಷಗಳನ್ನು ತಾನೇ ತಿದ್ದಿಕೊಳ್ಳುವ ಬೃಹತ್ ಕ್ವಾಂಟಂ ಯಂತ್ರ ಸಿದ್ಧವಾದರೆ, ಅಂತರಜಾಲ ವ್ಯವಹಾರಗಳನ್ನು ಕಾಯುವ ಆರ್‌ಎಸ್‌ಎ ಗೂಢಲಿಪಿಯನ್ನು ಅದು ಭೇದಿಸಬಲ್ಲದು. ಪಿರಿಯಾಪಟ್ಟಣದ ರೈತನ ಬ್ಯಾಂಕ್ ಖಾತೆಗೂ ಹೊಸ ಬೀಗ ಬೇಕಾಗುತ್ತದೆ. ಅಂಥ ಯಂತ್ರ ಇನ್ನೂ ನಿರ್ಮಾಣವಾಗಿಲ್ಲ. ಆದರೂ ಬೀಗ ಬದಲಿಸುವ ಕೆಲಸ ಮೊದಲಾಗಿದ್ದು, ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಹೊಸ ಗೂಢಲಿಪಿ ಮಾನದಂಡಗಳನ್ನು ಪ್ರಕಟಿಸಿದೆ.